ಅಂಬಮ್ಮನ ಅಂಡಮಾನು

ಸಿಂಧನೂರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಮನಿಯಾರ್ಡರು ಬರೆದುಕೊಳ್ಳುತ್ತಿದ್ದ ಅಂಬಮ್ಮನಿಗೆ ಸಮುದ್ರದ ಹುಚ್ಚು ಹತ್ತಿಸಿದವಳು ಬಂಗಾಲಿ ನಿರಾಶ್ರಿತರ ಕ್ಯಾಂಪಿನ ಶೆಫಾಲಿ. ಶೆಫಾಲಿಯ ಅಕ್ಕ ಮದುವೆಯಾಗಿ ಅಂಡಮಾನಿನಲ್ಲಿದ್ದಳು. ಅಕ್ಕನಿಗೆ ಕಾಗದ ಹಾಕಲು ಬಂದಾಗ ಕಿಟಕಿಯ ಮುಂದೆ ಜನ ಇಲ್ಲದಿದ್ದರೆ ಶೆಫಾಲಿ ಒಂದು ಗಳಿಗೆ ನಿಂತು ಮಾತಾಡುತ್ತಿದ್ದಳು. ಭತ್ತದ ನಾಟಿಗೆ ಗೊರೇಬಾಳದ ಗದ್ದೆಗಳಿಗೆ ಹೋಗಿ ಹೋಗಿ ಕಲಿತ ಕನ್ನಡ ಅವಳದು.

"ಅಲ್ಲಿ ತೆಂಗಿನ ಗಿಡ ನೀರಿನ ತನಕ ಬಂದು ನಿಂತಾವ ಅಕ್ಕ. ನೀರು ಹಸರು. ನೀ ದಂಡಿ ಮ್ಯಾಲ ಕುಂತರ ಸಾಕು, ಯಾರೂ ಏನೂ ಕೇಳಂಗಿಲ್ಲ."

ತೆಂಗು, ಹಸಿರು ನೀರು ಅಂಬಮ್ಮನಿಗೆ ಮರೆತುಹೋಗಬಹುದಿತ್ತು. ಯಾರೂ ಏನೂ ಕೇಳಂಗಿಲ್ಲ ಅನ್ನುವ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ಅವಳು ಗೊರೇಬಾಳದ ಹುಡುಗಿ, ಮಸ್ಕಿಯ ಸೊಸೆ. ಗಂಡ ಬಸ್ಸಪ್ಪ ಅಂಚೆ ಇಲಾಖೆಯಲ್ಲಿದ್ದ. ಅವನು ಕಾಮಾಲೆ ಏರಿ ತೀರಿಕೊಂಡಾಗ ಅವರಿಗೆ ಮಕ್ಕಳಾಗಿರಲಿಲ್ಲ. ಅವನ ನೌಕರಿಯನ್ನು ಇಲಾಖೆ ಇವಳಿಗೆ ಕೊಟ್ಟಿತು. ಅತ್ತೆ ಬಸವಣ್ಣೆಮ್ಮನನ್ನು ಕಟ್ಟಿಕೊಂಡು ಸಿಂಧನೂರಿಗೆ ಬಂದು, ಅಕ್ಕಿ ಗಿರಣಿಯ ಹಿಂದೆ ಎರಡು ಕೋಣೆಯ ಮನೆ ಹಿಡಿದಳು. ಒಣಹಾಕಿದ ಸೀರೆಯ ಮೇಲೆ ಹೊಟ್ಟಿನ ಬೂದಿ ಉದುರುವ ಜಾಗ ಅದು. ಅಂದಿನಿಂದ ಅವಳ ರಜೆಗಳೆಲ್ಲ ಮನೆತನದ ಆಸ್ತಿಯಾದವು. ಭಾವನ ಹೆಂಡತಿ, ನೆಗೆಣ್ಣಿ ಆದಮ್ಮನ ಬಾಣಂತನ, ಅತ್ತೆಯ ಕಣ್ಣಿನ ಆಪರೇಷನ್ನು, ಗೊರೇಬಾಳದ ತಮ್ಮನ ಮದುವೆ, ಯಾವುದೇ ಬರಲಿ, "ಅಂಬವ್ವಗ ಸರ್ಕಾರಿ ರಜಾ ಅದಾವಲ್ಲ" ಎಂಬ ಮಾತು ಮೊದಲು ಬರುತ್ತಿತ್ತು. ಅವಳು ಹೋಗುತ್ತಿದ್ದಳು. ಬೇಡ ಅನ್ನುವ ಮಾತು ಅವಳ ನಾಲಿಗೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ತೊಂಬತ್ತೊಂದರಲ್ಲಿ ಪೋಸ್ಟ್ ಮಾಸ್ತರರು, "ಅಂಬಮ್ಮಾರ, ನಾಲ್ಕು ವರ್ಷಕ್ಕೊಮ್ಮೆ ದೇಶದಾಗ ಎಲ್ಲಿಗ್ಯಾದರೂ ಸರ್ಕಾರದ ಖರ್ಚಿನಾಗ ಹೋಗಿ ಬರಬಹುದು. ನೀವು ಒಮ್ಮೀನೂ ಹೋಗಿಲ್ಲ ನೋಡ್ರಿ" ಎಂದರು.

"ಎಲ್ಲಿಗ್ಯಾದರೂ ಅಂದರ ಎಲ್ಲಿಗ್ಯಾದರೂ ಏನ್ರಿ? ಅಂಡಮಾನಿಗೂ?"

ಮಾಸ್ತರರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹಡಗದ ಟಿಕೇಟೂ ಕೊಡ್ತಾರ."

ಆ ವಾರವೆಲ್ಲ ಅಂಬಮ್ಮ ಲೆಕ್ಕ ಹಾಕಿದಳು. ರಾಯಚೂರಿನಿಂದ ಮದ್ರಾಸಿಗೆ ರೈಲು, ಮದ್ರಾಸಿನಿಂದ ಹಡಗು. ಇಳಿದುಕೊಳ್ಳಲು ಶೆಫಾಲಿಯ ಅಕ್ಕನ ಮನೆ. ಊಟಕ್ಕೆ ಅವಳ ಮನೆಯ ಅನ್ನ, ಸಾಲದಿದ್ದರೆ ಇಲ್ಲಿಂದ ಒಯ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಬಡವರೂ ಹೋಗಿಬರಬಹುದಾದ ದ್ವೀಪ ಅದು. ಉಳಿದದ್ದು ಒಂದೇ. ಅತ್ತೆಯನ್ನು ಅಷ್ಟು ದಿನ ಯಾರಾದರೂ ಇಟ್ಟುಕೊಳ್ಳಬೇಕು.

ಭಾನುವಾರ ಮಸ್ಕಿಯ ಬಸ್ಸು ಹತ್ತಿದಳು. ಭಾವ ಸೂಗಪ್ಪನದು ಅಲ್ಲಿ ಗೊಬ್ಬರದ ಅಂಗಡಿ. ಒಳ್ಳೆಯ ಮನುಷ್ಯ. ತಮ್ಮ ಸತ್ತ ಮೇಲೆ ಇವಳನ್ನು ತಂಗಿ ಎಂದೇ ಕರೆದವನು. ಚಹಾ ತರಿಸಿ, ಪೂರ್ತಿ ಕೇಳಿದ.

"ಅಲ್ಲಿ ಯಾವ ದೇವರೈತಿ ತಂಗಿ?"

"ದೇವರು ಇಲ್ರಿ ಭಾವರ. ಸಮುದ್ರ ಐತಿ."

"ಬರೇ ಸಮುದ್ರ? ಹೋಗಿ ಏನ್ ಮಾಡ್ತಿ?"

"ಸುಮ್ಮ ಕುಂದ್ರತೀನ್ರಿ."

"ಸುಮ್ಮ ಕುಂದ್ರಾಕ ನಮ್ಮ ಕಟ್ಟಿ ಇಲ್ಲೇನವ್ವ?" ಸೂಗಪ್ಪ ನಕ್ಕ. ಅವನ ನಗುವಿನಲ್ಲಿ ಕುಹಕವಿರಲಿಲ್ಲ. "ಖೂನಿ ಮಾಡಿದವರನ್ನ ಕಳಸ್ತಿದ್ದ ಕಾಲಾಪಾನಿ ಅದು. ಒಬ್ಬಾಕಿ ಹೆಣ್ಮಗಳು ಅಲ್ಲಿಗೆ ಹೊಂಟಾಳ ಅಂದರ ಮಂದಿ ಏನಂತಾರ? ತಡಿ, ನಾ ವಿಚಾರ ಮಾಡ್ತೀನಿ."

ಅವಳು ಅದನ್ನು ಒಪ್ಪಿಗೆ ಎಂದೇ ತಿಳಿದು ಮರಳಿದಳು. ಅರ್ಜಿ ಹಾಕಿದಳು. ಶೆಫಾಲಿ ತನ್ನ ಅಕ್ಕನಿಗೆ ಕಾಗದ ಬರೆದಳು. ಅಕ್ಕನಿಗೆ ಕೊಡಲು ಬೆಲ್ಲದ ಪಾಕದ ಮಂಡಕ್ಕಿ ಉಂಡೆ ಮಾಡಿ, ಒಂದು ಸೀರೆಯ ಜೊತೆ ಗಂಟು ಕಟ್ಟಿ ಅಂಬಮ್ಮನ ಕೈಗೆ ತಂದುಕೊಟ್ಟಳು.

ಎಂಟು ದಿನ ಬಿಟ್ಟು ಅಂಬಮ್ಮ ಕಚೇರಿಯಿಂದ ಮನೆಗೆ ಬಂದಾಗ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿದ್ದರು. ನಡುವೆ ಬಸವಣ್ಣೆಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಸೂಗಪ್ಪ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ.

"ಬಾ ನನ್ನವ್ವ!" ಅತ್ತೆ ಕೈ ಚಾಚಿದಳು. "ಮಗ ಹೋದಾಗಿಂದ ಬೇಡಿಕೊಂಡಿದ್ದೆ, ಸಾಯೂದ್ರಾಗ ರಾಮೇಶ್ವರ ನೋಡಬೇಕಂತ. ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ನೀ ಕರಕೊಂಡು ಹೊಂಟೀಯಂತ ಸೂಗಪ್ಪ ಹೇಳಿದ, ನಿನಗ ಹ್ಯಾಂಗ ತಿಳೀತು?"

ಅಂಬಮ್ಮ ಭಾವನ ಮುಖ ನೋಡಿದಳು.

"ರಾಮೇಶ್ವರನೂ ದ್ವೀಪನ ಐತಿ ತಂಗಿ," ಸೂಗಪ್ಪ ಹೇಳಿದ. "ಸುತ್ತ ನಾಕೂ ಕಡೆ ಸಮುದ್ರ. ಬೇಕಂದ್ರ ಯಾರನ್ನರ ಕೇಳು. ಯವ್ವನ ಖರ್ಚೂ ನಿಮ್ಮ ಸರ್ಕಾರದ್ದ. ನಾವು ನಮ್ಮ ರೊಕ್ಕದಾಗ ಬರ್ತೀವಿ. ನಿನಗೂ ದ್ವೀಪ ಸಿಕ್ಕಂಗಾತು, ಯವ್ವಗೂ ಪುಣ್ಯ."

ಅತ್ತೆ ಬೈದಿದ್ದರೆ, ತಡೆದಿದ್ದರೆ ಅಂಬಮ್ಮ ಏನಾದರೂ ಹೇಳುತ್ತಿದ್ದಳೋ ಏನೋ. ಮುದುಕಿ ಅವಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದಳು. ಬಸ್ಸಪ್ಪ ಸತ್ತ ಮೇಲೆ ಅವಳು ಹಾಗೆ ಸಂತೋಷಪಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

"ಹೋಗೋಣ್ರಿ ಅತ್ತಿ," ಎಂದಳು ಅಂಬಮ್ಮ.

ಮರುದಿನ ಅರ್ಜಿಯಲ್ಲಿ ಊರಿನ ಹೆಸರು ಹೊಡೆದುಹಾಕಿ ಬೇರೆ ಬರೆಯುವಾಗ ಮಾಸ್ತರರು, "ಭೇಷಾತು, ಪುಣ್ಯಕ್ಷೇತ್ರ" ಎಂದರು. ಶೆಫಾಲಿಗೆ ಹೇಳುವುದೇ ಕಷ್ಟವಾಯಿತು. ಅವಳು ಗಂಟನ್ನು ಕಿಟಕಿಯಿಂದ ವಾಪಸು ಇಸಿದುಕೊಂಡು, ಉಂಡೆಗಳನ್ನು ಮಾತ್ರ ಬಿಚ್ಚಿ ಅಂಬಮ್ಮನ ಮುಂದಿಟ್ಟಳು. "ಇವು ಕೆಡ್ತಾವ ಅಕ್ಕ. ನೀನ ತಿನ್ನು." ಎರಡು ಮಾತು ಆಡಿದ್ದರೆ ಅಂಬಮ್ಮನಿಗೆ ಹಗುರಾಗುತ್ತಿತ್ತು.

ಸೂಗಪ್ಪ, ಆದಮ್ಮ, ಅವರ ಮಕ್ಕಳು, ಅತ್ತೆ, ಅಂಬಮ್ಮ, ಒಂದು ಸ್ಟೋವು, ಅಕ್ಕಿಯ ಚೀಲ ರಾಯಚೂರಿನಲ್ಲಿ ರೈಲು ಹತ್ತಿದವು. ಸಮುದ್ರದ ನಡುವಿನ ಪಾಂಬನ್ ಸೇತುವೆಯ ಮೇಲೆ ರೈಲು ಮೆಲ್ಲಗೆ ಸಾಗುವಾಗ ಎಲ್ಲರೂ ಕಿಟಕಿಗೆ ಮುತ್ತಿದರು. ಅಂಬಮ್ಮ ಆದಮ್ಮನ ಕಿರಿಮಗಳಿಗೆ ವಾಂತಿ ಮಾಡಿಸುತ್ತಿದ್ದಳು. ಮುಖ ತೊಳೆಸಿ ತಲೆ ಎತ್ತುವಷ್ಟರಲ್ಲಿ ಸೇತುವೆ ದಾಟಿತ್ತು.

ಛತ್ರದ ಕೋಣೆಗೆ ಕಿಟಕಿ ಇತ್ತು, ಆಚೆ ಗೋಡೆ ಇತ್ತು. ಬೆಳಿಗ್ಗೆ ಎದ್ದು ಅನ್ನಕ್ಕಿಡುವುದು, ಅತ್ತೆಯ ರಟ್ಟೆ ಹಿಡಿದು ತೀರ್ಥಸ್ನಾನಕ್ಕೆ ಗುಡಿಯ ಬಾವಿಯಿಂದ ಬಾವಿಗೆ ನಡೆಸುವುದು, ಮೇಲಿಂದ ಸುರಿಯುವ ನೀರಿಗೆ ಅವಳ ಜೊತೆ ನಿಲ್ಲುವುದು, ಒದ್ದೆ ಬಟ್ಟೆ ಹಿಂಡುವುದು ಅಂಬಮ್ಮನ ಪಾಲಿಗೆ ಬಂತು. ಅಷ್ಟು ಬಾವಿಗಳ ತಣ್ಣೀರಿಗೆ ಮುದುಕಿಗೆ ಜ್ವರ ಬಂತು. ಮರುದಿನ ಉಳಿದವರೆಲ್ಲ ಧನುಷ್ಕೋಟಿಯ ಸಮುದ್ರ ನೋಡಲು ಹೊರಟರು.

"ನೀನೂ ಬಾ ಅಂತಿದ್ದೆ ತಂಗಿ. ಆದ್ರ ಯವ್ವನ ಹತ್ತರ ಒಬ್ಬರು ಬೇಕಲ್ಲ," ಎಂದ ಸೂಗಪ್ಪ.

"ನಾ ಇರ್ತೀನ್ರಿ."

ಸಂಜೆಯ ಹೊತ್ತಿಗೆ ಅತ್ತೆಯ ಮೈ ಬೆವೆತು ಜ್ವರ ಇಳಿಯಿತು. "ಹೋಗವ್ವ, ಒಂದೀಟು ಗಾಳಿ ತಗೊಂಡು ಬಾ," ಎಂದು ಅವಳೇ ಕಳಿಸಿದಳು. ಅಂಬಮ್ಮ ಗುಡಿಯ ಮುಂದಿನ ದಂಡೆಗೆ ಓಡಿದಂತೆ ನಡೆದಳು. ಸಮುದ್ರ ತೆರೆಯಿಲ್ಲದೆ ಕೆರೆಯಂತೆ ಮಲಗಿತ್ತು. ನೀರು ನಿಜವಾಗಿಯೂ ಹಸಿರಾಗಿತ್ತು. ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದಳು.

"ಅಮ್ಮಾ," ತೆಲುಗು ಮಾತಾಡುವ ಒಂದು ದೊಡ್ಡ ಕುಟುಂಬ ಬೆನ್ನ ಹಿಂದೆ ನಿಂತಿತ್ತು. "ಕೊಂಚಂ ಮಾ ಸಾಮಾನು ಚೂಸ್ತಾರಾ? ಸ್ನಾನಂ ಚೇಸಿ ವಸ್ತಾಂ."

ಆಂಧ್ರದವರು ಬಂದು ನೆಲೆಸಿದ ಕಾಲುವೆ ಸೀಮೆಯ ಅಂಬಮ್ಮನಿಗೆ ತೆಲುಗು ಬಾರದೆ ಇರುತ್ತದೆಯೇ. ತಿಳಿಯಲಿಲ್ಲವೆಂದು ತಲೆ ಆಡಿಸಬಹುದಿತ್ತು. ಆಗಲೇ ಚೀಲ, ಚಪ್ಪಲಿ, ಹಿತ್ತಾಳೆಯ ಕೊಡಗಳು ಅವಳ ಸುತ್ತ ಬಂದು ಕೂತಿದ್ದವು. ನಾಯಿಯೊಂದು ಬುತ್ತಿಯ ಗಂಟಿಗೆ ಮೂಗು ಚಾಚಿತು. ಅಂಬಮ್ಮ ಸಮುದ್ರಕ್ಕೆ ಬೆನ್ನು ಮಾಡಿ ತಿರುಗಿ ಕೂತು, ಕತ್ತಲಾಗುವ ತನಕ ಗುರುತಿಲ್ಲದವರ ಸಾಮಾನು ಕಾದಳು. ಅವರು ಬಂದು ಕೈಮುಗಿದು ಹೋದಾಗ ನೀರು ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ಕೇಳುತ್ತಿತ್ತು. ಅತ್ತೆಗೆ ಗಂಜಿ ಮಾಡಬೇಕಿತ್ತು. ಎದ್ದಳು.

ಮುಂದಿನ ಸಲ ಸರ್ಕಾರ ಅವಕಾಶ ಕೊಡುವ ಹೊತ್ತಿಗೆ ಅವಳಿಗೆ ಲಿಂಗಸುಗೂರಿಗೆ ವರ್ಗವಾಗಿತ್ತು, ಅತ್ತೆ ಹಾಸಿಗೆ ಹಿಡಿದಿದ್ದಳು. ಅಂಬಮ್ಮ ಅರ್ಜಿಯನ್ನೇ ಹಾಕಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಬಸವಣ್ಣೆಮ್ಮ ಮಲಗಿದಲ್ಲಿಂದಲೇ ಆ ಪ್ರಯಾಣವನ್ನು ಹೇಳುತ್ತಿದ್ದಳು. ಪ್ರತಿ ಸಲ ಹೇಳುವಾಗಲೂ ಸಮುದ್ರ ಒಂದಿಷ್ಟು ದೊಡ್ಡದಾಗುತ್ತಿತ್ತು.

"ನಮ್ಮ ಅಂಬವ್ವಗ ಅದರ ಮ್ಯಾಲ ಭಾಳ ಆಸೆ ಇತ್ತು. ನನ್ನ ನೆವದಾಗ ಆಕಿನೂ ನೋಡಿದಳು. ಕತ್ತಲಾಗೂ ತನಕ ದಂಡಿ ಮ್ಯಾಲ ಕುಂತು ಬಂದಾಳ, ಯಾರೂ ಕರಿಯಾಕ ಹೋಗಲಿಲ್ಲ. ಹೌದಲ್ಲೇನವ್ವ?"

ಅಂಬಮ್ಮ ಬಂದವರಿಗೆ ಚಹಾದ ಲೋಟ ಕೊಡುತ್ತಾ, "ಹೌದ್ರಿ ಅತ್ತಿ," ಅನ್ನುತ್ತಿದ್ದಳು.