ಘಾಫ್ ಮರದಡಿಯ ಬನ್ನಿ

ಅಬುಧಾಬಿಗೆ ಬಂದಾಗಿನಿಂದ ನಾನು ಬನ್ನಿಯೆಂದು ಹಂಚಿದ್ದೆಲ್ಲ ಬಳ್ಳಾರಿ ಜಾಲಿಯ ಸೊಪ್ಪು. ಅದು ಗೊತ್ತಾದ ದಿನ ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ನಮ್ಮ ಬಾಗಲಕೋಟೆ ಕಡೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳದೆ ದಸರಾ ಮುಗಿಯುವುದಿಲ್ಲ. ಆ ಎಲೆಗೆ ಬಂಗಾರ ಎಂದೇ ಹೆಸರು. ವರ್ಷವಿಡೀ ಮುಖ ತಿರುಗಿಸಿಕೊಂಡು ಓಡಾಡಿದವರೂ ಅವತ್ತು ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದರೆ ಜಗಳ ಅಲ್ಲಿಗೇ ಮುಗಿಯಿತು. ಕೊಟ್ಟ ಬನ್ನಿಯನ್ನು ಯಾರೂ ಬೇಡ ಅನ್ನುವಂತಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಅಂಗಿಯ ಜೇಬು ತುಂಬ ತರುತ್ತಿದ್ದರು. ಹಾಗಾಗಿ ನಾನು ಎಲೆ ಕಂಡಿದ್ದೆನೇ ಹೊರತು ಮರ ಕಂಡವಳಲ್ಲ. ಇಲ್ಲಿ ಎಲೆಕ್ಟ್ರಾ ಸ್ಟ್ರೀಟ್ ಹಿಂದಿನ ನಮ್ಮ ಪಾರ್ಕಿಂಗ್ ಪಕ್ಕದಲ್ಲಿ ಅಂಥದೇ ಸಣ್ಣೆಲೆಯ ಮುಳ್ಳುಮರ ಕಂಡಾಗ ಕಣ್ಣಿಗೊತ್ತಿಕೊಂಡು ಕಿತ್ತೆ. ಊರಲ್ಲಿ ಜಾಲಿ ಅಂದರೆ ಕೆರೆದಂಡೆಯ ಪೊದೆ. ಇಲ್ಲಿ ನೀರುಂಡು ಅಷ್ಟೆತ್ತರ ಬೆಳೆದಿದ್ದಕ್ಕೆ ಗುರುತೇ ಹತ್ತಲಿಲ್ಲ. ಪ್ರತಿ ದಸರಾಕ್ಕೂ ಅದನ್ನೇ ಚೀಲಕ್ಕೆ ತುಂಬಿ ದುಬೈಯಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದೆ.

ಈ ವರ್ಷ ಮಗಳು ಶಾಲೆಯವರ ಜೊತೆ ಮರುಭೂಮಿಯ ಗಿಡಮರ ನೋಡಿ ಬಂದಳು. ಕಿಟಕಿಯಿಂದ ಆ ಮರ ತೋರಿಸಿ, "ಅಮ್ಮಾ, ದ್ಯಾಟ್ ಟ್ರೀ ಈಸ್ ನಾಟ್ ಬನ್ನಿ" ಅಂದಳು. ಊರಿನ ಬನ್ನಿಯೇ ಇಲ್ಲಿನ ಘಾಫ್ ಮರವಂತೆ. ಈ ನೆಲದ್ದೇ ಮರ, ಈಗ ಕಡಿಮೆಯಾಗುತ್ತಿದೆ, ಕಡಿಯುವಂತಿಲ್ಲ. ನನ್ನ ಪಾರ್ಕಿಂಗ್ ಮರವೋ, ಹೊರಗಿನಿಂದ ಬಂದು ಘಾಫ್‌ನ ನೀರು ಕುಡಿದು ಜಾಗ ಕಸಿಯುವ ಜಾಲಿ.

ಬೇರೆ ವರ್ಷವಾಗಿದ್ದರೆ ನಕ್ಕು ಬಿಡುತ್ತಿದ್ದೆನೇನೋ. ಆದರೆ ಈ ಸಲ ನಾನೂ ತಂಗಿಯೂ ಠೂ ಬಿಟ್ಟಿದ್ದೆವು. ಇಲ್ಲಿನ ವಾಸ ಮುಗಿಸಿ ಊರಿಗೆ ಹೊರಟಿರುವುದನ್ನು ಅವಳು ನನಗೆ ಹೇಳಿರಲಿಲ್ಲ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಫ್ರಿಜ್ ಮಾರುವುದಿದೆ ಎಂದು ಹಾಕಿದಾಗ ತಿಳಿಯಿತು. ಒಡಹುಟ್ಟಿದವಳಿಗೂ ಫ್ರಿಜ್ ಕೊಳ್ಳುವವರಿಗೂ ಒಟ್ಟಿಗೇ ಸುದ್ದಿ! ಅವತ್ತಿನಿಂದ ಅವಳ ಫೋನ್ ಎತ್ತಲಿಲ್ಲ. ದಸರಾದ ಮರುದಿನ ಅವಳ ವಿಮಾನ. ಖರೇ ಬನ್ನಿ ಕೊಡದಿದ್ದರೆ ಮಾತಿಲ್ಲದೆಯೇ ಹೋಗಿಬಿಡುತ್ತಾಳೆ ಅನಿಸಿತು.

ಹಬ್ಬದ ಬೆಳಗ್ಗೆ ಯಜಮಾನರನ್ನು ಎಬ್ಬಿಸಿಕೊಂಡು ಘಾಫ್ ಹುಡುಕಿ ಹೊರಟೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಮರಳಿನ ಮೇಲೆಲ್ಲ ಮಂಜು. ಅದರೊಳಗಿಂದ ಮರಗಳು ಒಂದೊಂದಾಗಿ ಎದ್ದು ಬಂದವು. ಬೂದುಹಸಿರು, ಟೊಂಗೆಗಳು ನೆಲದ ಕಡೆಗೆ ಬಾಗಿ. ಯಾವುದು ಹತ್ತಿರ, ಯಾವುದು ದೂರ ತಿಳಿಯದು. ಒಂದರ ಕೆಳಗೆ ಹೋಗಿ ನಿಂತೆ. ಎಲೆಯಿಂದ ಹನಿಗಳು ಬಿದ್ದು ಸದ್ದಿಲ್ಲದೆ ಮರಳಲ್ಲಿ ಇಂಗುತ್ತಿದ್ದವು. ಅಪ್ಪನ ಜೇಬಿನ ವಾಸನೆ ಬಂತು. ನಿಜವಾಗಿ ಬಂತೋ, ನಾನೇ ಬರಿಸಿಕೊಂಡೆನೋ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ. ಕೈ ತಾನಾಗಿ ಟೊಂಗೆಗೆ ಹೋದಾಗ ಯಜಮಾನರು ಕಾರಿನ ಹತ್ತಿರದಿಂದಲೇ, ಮುರಿದರೆ ದಂಡ ಬೀಳುತ್ತದೆ ಅಂದರು. ದಂಡದ ಮಾತು ಹಾಗಿರಲಿ, ಇಂಥ ಕಡೆ ಬದುಕಿ ನಿಂತದ್ದರ ಮೈಯಿಂದ ಕೀಳಲು ನನಗೇ ಮನಸ್ಸಾಗಲಿಲ್ಲ. ಕುಕ್ಕರಗಾಲಲ್ಲಿ ಕೂತು ಉದುರಿದ್ದನ್ನೇ ಆರಿಸಿದೆ. ಜೀರಿಗೆಯಷ್ಟು ಎಲೆ, ಒಣಗಿದ್ದು, ಅರ್ಧ ಮರಳು. "ಖಲಾಸ್, ಏಳಿನ್ನ" ಅಂತ ಅವರು ಕರೆಯುವವರೆಗೂ ಆರಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿದೆ.

ತಂಗಿಯ ಮನೆಯ ಗೋಡೆಗಳು ಬೋಳಾಗಿದ್ದವು. ರಟ್ಟಿನ ಪೆಟ್ಟಿಗೆಗಳ ನಡುವೆ ಅವಳು ನಿಂತಿದ್ದಳು. ನಾನು ಗಂಟು ಬಿಚ್ಚಿ ಅವಳ ಅಂಗೈಗೆ ಸುರಿದೆ. ಇಷ್ಟು ವರ್ಷ ಕೊಟ್ಟದ್ದು ಜಾಲಿಯೆಂದೂ ಇದೇ ಖರೇ ಬನ್ನಿಯೆಂದೂ ಒಂದೇ ಉಸಿರಿಗೆ ಹೇಳಿದೆ.

"ಜಾಲಿ ಅಂತ ನನಗ ಮೊದಲನೇ ವರ್ಷಾನ ಗೊತ್ತಾಗಿತ್ತಕ್ಕಾ," ಅಂದಳು.

ನನಗೆ ರೇಗಿಹೋಯಿತು. "ಮತ್ತ ಹೇಳಬಾರದಿತ್ತೇನು?"

"ಹೇಳಿದ್ರ ನೀ ಸಿಟ್ಟಾಗಿ ಮುಂದಿನ ವರ್ಷ ಬರತಿದ್ದಿಲ್ಲ. ಊರಿಗೆ ಹೊಂಟೀವಿ ಅಂತ ಹೇಳಲಿಲ್ಲ, ಅದೂ ಅದಕ್ಕ."

ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಗ್ಗಿ ನನ್ನ ಕಾಲು ಮುಟ್ಟಿದಳು. ಬಂಗಾರದಂಗ ಇರೂಣು ಎಂದು ದೊಡ್ಡವಳಾದ ನಾನು ಅನ್ನಬೇಕಿತ್ತು. ಭುಜ ಹಿಡಿದು ಎಬ್ಬಿಸಿದೆನಷ್ಟೆ. ಅವಳೇ ಅಂದಳು.