ದೇರಪ್ಪನ ಬಿಸಿ ಮೋಟಾರು

ಚೆಟ್ಟಳ್ಳಿಯ ದೇರಪ್ಪ ಕೈ ಇಟ್ಟ ಮೋಟಾರು ಸತ್ತದ್ದೇ ಇಲ್ಲ. ಹಾಗೆಂದು ಸಾರುವವನು ದೇರಪ್ಪನೇ ಆದರೂ ಅಲ್ಲಗಳೆಯುವವರು ಇರಲಿಲ್ಲ. ಕರಕಲಾದ ಮೋಟಾರನ್ನು ಜೀಪಿನಲ್ಲಿ ಹೇರಿ ತಂದರೆ, ಅವನ ಶೆಡ್ಡಿನ ಬಾಗಿಲು ಕಂಡದ್ದೇ ಅದು ಅರ್ಧ ಸುತ್ತು ತಾನಾಗಿ ತಿರುಗುತ್ತಿತ್ತಂತೆ. ಉಳಿದರ್ಧಕ್ಕೆ ಮಾತ್ರ ಅವನು ತಾಮ್ರದ ತಂತಿ ಸುತ್ತಬೇಕಿತ್ತು. ಮೂವತ್ತು ವರ್ಷದಲ್ಲಿ ಸುತ್ತಿದ್ದನ್ನೆಲ್ಲ ಬಿಚ್ಚಿ ಎಳೆದರೆ ತಂತಿ ವಿರಾಜಪೇಟೆಗೆ ಹೋಗಿ, ಅಲ್ಲಿ ಊಟ ಮುಗಿಸಿ, ಸಂಜೆಗೆ ವಾಪಸು ಬಂದೀತು.

ಅವನ ಕೈಗುಣಕ್ಕೆ ದೊಡ್ಡ ಸಾಕ್ಷಿ ಸೋಮಯ್ಯನವರ ಕಾಫಿ ಮಿಲ್ಲಿನ ಮೋಟಾರು. ಒಣಗಿದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರವನ್ನು ಎಳೆಯುತ್ತಿದ್ದದ್ದು ಅದೇ. ಆರು ಸಲ ಸುಟ್ಟಿತ್ತು. ಆರು ಸಲವೂ ದೇರಪ್ಪ ಎಬ್ಬಿಸಿ ಕೂರಿಸಿದ್ದ. ಎದ್ದಾಗಲೆಲ್ಲ ಅದು ಮೊದಲಿಗಿಂತ ಹೆಚ್ಚು ಕಾಯುತ್ತಿತ್ತು. ಅಂಗೈ ಇಟ್ಟು ನೋಡಿ, "ಬಿಸಿ ಇದ್ರೆ ಬಲ ಉಟ್ಟು" ಎನ್ನುತ್ತಿದ್ದ; ಬಿಸಿಯಿದ್ದರೆ ಬಲ ಇದೆಯೆಂದೇ ಅವನ ನಂಬಿಕೆ. ಮಳೆಗಾಲದಲ್ಲಿ ಬೀಜ ಆರಿಸುವ ಹೆಂಗಸರು ಒದ್ದೆಯಾದ ತಲೆವಸ್ತ್ರವನ್ನು ಅದರ ಬೆನ್ನಿಗೆ ಹಾಸುತ್ತಿದ್ದರು. ಪಕ್ಕದಲ್ಲೇ ಸೋಮಯ್ಯನವರ ಸಾಕ್ಸ್ ಒಣಗುತ್ತಿತ್ತು. ದೇರಪ್ಪನ ಹೆಂಡತಿ ಬೊಳ್ಳಮ್ಮ ಅದರ ಮೇಲೆ ಹಪ್ಪಳ ಸುಟ್ಟಳೆಂಬುದು ಮಾತ್ರ ಸುಳ್ಳು. ಅವಳು ಸುಟ್ಟದ್ದು ಅರ್ಧ ಹಪ್ಪಳ.

ಈಚೆಗೆ ಆ ಮಿಲ್ಲಿಗೆ ಸೂಪರ್‌ವೈಸರ್ ಆಗಿ ಬಂದವಳು ದೇರಪ್ಪನ ತಂಗಿಯ ಮಗಳು ಪೂಜಿತಾ, ಡಿಪ್ಲೊಮಾ ಓದಿದವಳು. ಬಂದವಳೇ ಒಂದು ಹೊಸ ಮೋಟಾರು ತರಿಸಿದಳು. ಕಡಿಮೆ ಕರೆಂಟು ತಿಂದು ಅಷ್ಟೇ ಕೆಲಸ ಮಾಡಬೇಕೆಂದು ಗೊತ್ತುಮಾಡಿದ ಐಇ-3 ಎಂಬ ದರ್ಜೆಯದು. ಮೈಮೇಲಿನ ತಗಡಿನಲ್ಲಿ ಹಾಗೆಂದು ಕೊರೆದಿತ್ತು. ಇದು ಗೆದ್ದರೆ ಮಿಲ್ಲಿನ ಎಂಟೂ ಮೋಟಾರು ಬದಲಿಸುವುದೇ ಎಂದರು ಸೋಮಯ್ಯ. ದೇರಪ್ಪನ ಮುಕ್ಕಾಲು ಕೆಲಸ ಆ ಎಂಟರದ್ದೇ. ಅವು ಹೋದರೆ ಶೆಡ್ಡಿಗೆ ಬೀಗ.

ಓಡುತ್ತಿದ್ದ ಹೊಸ ಮೋಟಾರಿನ ಮೇಲೆ ಅವನು ಅಂಗೈ ಇಟ್ಟ. ಬೆಚ್ಚಗೆ ಎನ್ನುವಷ್ಟೂ ಇಲ್ಲ.

"ಇದು ಎಳೀತಾನೇ ಇಲ್ಲ ಪೂಜಿ. ನಿದ್ದೆ ಮಾಡ್ತಾ ಉಟ್ಟು."

ಪಂದ್ಯ ಕಟ್ಟಿದವನೂ ಅವನೇ. ಅದೇ ಹಲ್ಲರ್, ಎರಡಕ್ಕೂ ಇಪ್ಪತ್ತಿಪ್ಪತ್ತು ಮೂಟೆ, ಗೋಡೆಯಲ್ಲಿ ಮೀಟರು. ಹಳೆಯದು ಗುಡುಗಿದ ರಭಸಕ್ಕೆ ಪಕ್ಕದ ತೋಟದ ಮೆಣಸು ಬಳ್ಳಿಯಿಂದ ಉದುರಿತು. ಮೂಟೆ ಮುಗಿಸಲು ಎರಡಕ್ಕೂ ಹಿಡಿದ ಹೊತ್ತು ಒಂದೇ. ಆದರೆ ಹೊಸದು ಹತ್ತು ತುತ್ತು ಕರೆಂಟು ಉಂಡ ಕಡೆ ಹಳೆಯದು ಹನ್ನೊಂದೂವರೆ ಉಂಡಿತ್ತು. ದೇರಪ್ಪ ಮೀಟರನ್ನು ತಟ್ಟಿ ನೋಡಿದ, ಕನ್ನಡಕ ಒರೆಸಿ ನೋಡಿದ. ಅಂಕಿ ಕದಲಲಿಲ್ಲ.

ಸುಟ್ಟ ತಂತಿಯನ್ನು ಹೇಗೆ ತೆಗೆಯುತ್ತೀರಿ ಎಂದು ಪೂಜಿತಾ ಕೇಳಿದಳು. ಮೋಟಾರನ್ನು ಕಾಫಿ ಸಿಪ್ಪೆಯ ಬೆಂಕಿಯಲ್ಲಿ ಹೂತು, ಕಬ್ಬಿಣ ಕೆಂಪಗಾಗುವವರೆಗೆ ಕಾಯಿಸಿದರೆ ತಂತಿ ಬೆಣ್ಣೆಯಲ್ಲಿನ ಕೂದಲಿನಂತೆ ಬರುತ್ತದೆ ಎಂದ, ಹೆಮ್ಮೆಯಿಂದಲೇ. ಒಳಗಿನ ಕಬ್ಬಿಣ ಒಂದೇ ಗಟ್ಟಿಯಲ್ಲ, ತೆಳು ತಗಡುಗಳ ಅಟ್ಟಿ. ತಗಡುಗಳ ನಡುವಿನ ಲೇಪ ಆ ಬೆಂಕಿಗೆ ಸುಟ್ಟುಹೋಗುತ್ತದೆ, ಆಮೇಲೆ ಕರೆಂಟು ಅಲ್ಲಲ್ಲೇ ಸುತ್ತಿ ಬರೀ ಬಿಸಿಯಾಗಿ ಪೋಲಾಗುತ್ತದೆ ಎಂದು ಅವಳು ಬಿಡಿಸಿ ಹೇಳಿದಳು.

"ನೀವು ಬಲ ಅಂದದ್ದು ಜ್ವರ, ಮಾವ. ತಂತಿ ಸುತ್ತೋದ್ರಲ್ಲಿ ತಪ್ಪಿಲ್ಲ. ಬೆಂಕೀದೇ ತಪ್ಪು."

ದೇರಪ್ಪ ಎರಡು ದಿನ ಶೆಡ್ಡು ತೆರೆಯಲಿಲ್ಲ. ಆ ಎರಡು ದಿನ ಚೆಟ್ಟಳ್ಳಿಯ ಮಿಕ್ಸಿಗಳೂ ಮೆಲ್ಲಗೆ ತಿರುಗಿದವೆಂದು ಬೊಳ್ಳಮ್ಮನ ಅಂಬೋಣ. ಮೂರನೆಯ ದಿನ ಮಿಲ್ಲಿಗೆ ಬಂದು, ಉಳಿದ ಏಳನ್ನೂ ಒಂದೊಂದಾಗಿ ಮೀಟರಿಗೆ ಕಟ್ಟಿ ಓಡಿಸಿದ. ತನ್ನ ಬೆಂಕಿ ಕಂಡ ನಾಲ್ಕಕ್ಕೆ ತಾನೇ ಸುಣ್ಣದ ಗೀಟು ಎಳೆದು ಗುಜರಿಗೆ ಕಳಿಸಿದ. ಬೆಂಕಿ ಕಾಣದ ಮೂರು ಉಳಿದವು.

ಈಗ ಅವನು ತಂತಿಯ ತಲೆಯನ್ನು ಉಳಿಯಿಂದ ಕಡಿದು, ಬಿಸಿಯನ್ನು ಅಳೆದು ಕೊಟ್ಟು, ಸಾವಕಾಶವಾಗಿ ಎಳೆಯುತ್ತಾನೆ. ಹೊತ್ತು ಎರಡರಷ್ಟು ಹಿಡಿಯುತ್ತದೆ. ಹೊಸ ಮೋಟಾರು ಕೂರಿಸಿ ಬೆಲ್ಟು ನೇರ ಮಾಡಲು ದೂರದ ಶನಿವಾರಸಂತೆ ಊರಿನಿಂದಲೂ ಕರೆ ಬರುತ್ತದೆ. ಶೆಡ್ಡಿನ ಬೀಗ ಎಲ್ಲಿದೆಯೆಂಬುದೇ ಅವನಿಗೆ ಮರೆತಿದೆ.

ಆರು ಸಲ ಸುಟ್ಟ ಆ ಹಲ್ಲರ್ ಮೋಟಾರು ಗುಜರಿ ಗಾಡಿ ಹತ್ತಿದ ದಿನ ಸೋಮಯ್ಯ ಛೇಡಿಸದೆ ಬಿಡಲಿಲ್ಲ. "ಮೋಟಾರು ಅಂತ ಹೇಳಿ ಮೂವತ್ತು ವರ್ಷ ನನ್ನ ಮಿಲ್ಲಲ್ಲಿ ಒಲೆ ಇಟ್ಟಿದ್ದಿಯಲ್ಲ ದೇರಪ್ಪ?"

ದೇರಪ್ಪ ಬೆಲ್ಟಿನಿಂದ ತಲೆ ಎತ್ತಲಿಲ್ಲ.

"ಹೌದು ಸೋಮಯ್ಯಣ್ಣ. ಮೂವತ್ತು ಮಳೆಗಾಲ ನಿಮ್ಮ ಸಾಕ್ಸ್ ಅದ್ರ ಮೇಲೇ ಒಣಗಿದ್ದು. ಒಂದು ದಿನಾನಾದ್ರೂ ಬಿಸಿ ಜಾಸ್ತಿ ಆಯ್ತು ಅಂದ್ರಾ?"