ಅವ್ವನ ಕಾಲು ಮೂಡಣಕ್ಕೆ

...ಇಲ್ಲ, ಸ್ಮಶಾನದ ಗೇಟಿನ ಹತ್ತಿರ ಶವಪೆಟ್ಟಿಗೆಯನ್ನು ಒಂದು ಸಲ ತಿರುಗಿಸಿದೆವೋ, ಎರಡು ಸಲವೋ. ಮಳೆ ಬರುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಆ ಮಳೆಯೂ ನಾನು ಆಮೇಲೆ ಹುಡುಕಿಕೊಂಡ ನೆವವಿರಬಹುದು.

ಬೈಲಹೊಂಗಲದಲ್ಲಿ ಅವ್ವನನ್ನು ಮಣ್ಣು ಮಾಡಿದ ದಿನ ಅದು. ನಮ್ಮ ಕ್ರೈಸ್ತ ಸಭೆಯವರು ಸತ್ತವರ ತಲೆಯನ್ನು ಪಡುವಣಕ್ಕೆ, ಕಾಲನ್ನು ಮೂಡಣಕ್ಕೆ ಇಟ್ಟು ಮಲಗಿಸುತ್ತಾರೆ. ಕರ್ತನು ಮೂಡಣದಿಂದ ಬರುವಾಗ ಎದ್ದವರಿಗೆ ಮೊದಲು ಆತನ ಮುಖವೇ ಕಾಣಬೇಕು.

ಕುಣಿ ತೋಡಲು ಬಂದವರು ಪಕ್ಕದ ಓಣಿಯ ಲಿಂಗಾಯತರು. ತಮ್ಮವರನ್ನು ಕುಳ್ಳಿರಿಸಿ ಹೂಳುವ ರೂಢಿಯಲ್ಲಿ ಚೌಕ ಕುಣಿ ತೋಡಿಬಿಟ್ಟಿದ್ದರು. ಅವ್ವನ ತಂಗಿ, ನನ್ನ ಚಿಗವ್ವ, ಬೈದ ಮೇಲೆ ಉದ್ದ ಮಾಡಿದರು.

"ನಮ್ಮೋರು ಕುಂತ ಇರತಾರ ನೋಡವ್ವಾ. ದೇವರು ಬಂದ್ರ ಎದ್ದು ನಡಿಯೂದಷ್ಟ," ಎಂದ ಅವರಲ್ಲೊಬ್ಬ.

"ಕುಂತು ಕುಂತು ಕಾಲು ಜೋಮು ಹಿಡದಿರತಾವೋ ತಮ್ಮಾ," ಎಂದಳು ಚಿಗವ್ವ, ಅಳುತ್ತಲೇ.

ಎಲ್ಲರೂ ನಕ್ಕೆವು. ಇದು ಮಾತ್ರ ನಿಜ.

ಪೆಟ್ಟಿಗೆಯ ಎರಡೂ ತುದಿ ಒಂದೇ ಅಗಲ, ಮುಚ್ಚಳದ ತುಂಬ ಹೂವು. ಇಕ್ಕಟ್ಟಾದ ಗೇಟಿನಲ್ಲಿ ತಿರುಗಿಸುವಾಗ ಮುಂದಿನ ತುದಿ ಹಿಡಿದಿದ್ದವನು ನಾನೇ. ಇಳಿಸುವ ಹೊತ್ತಿಗೆ ಚಿಗವ್ವ ಕೇಳಿದಳು: "ಅಕ್ಕನ ಕಾಲು ಮೂಡಲಕ್ಕ ಅದಾವಲ್ಲೋ?"

ಎಲ್ಲರೂ ನನ್ನನ್ನೇ ನೋಡಿದರು. "ಅದಾವ," ಎಂದೆ.

ಪ್ರತಿ ಈಸ್ಟರಿನ ಬೆಳಗ್ಗೆ ಚಿಗವ್ವ ಆ ಗೋರಿಯ ಹತ್ತಿರ ಕೂಡುತ್ತಾಳೆ. ಅವ್ವ ಎದ್ದ ಕೂಡಲೇ ಏನು ನೋಡುತ್ತಾಳೆಂದು ಹೇಳುವಾಗ ಅವಳ ಮುಖದಲ್ಲಿ ದುಃಖ ಇರುವುದಿಲ್ಲ. ನಾನು ಅತ್ತ ನೋಡದೆ ಹುಲ್ಲು ಕೀಳುತ್ತೇನೆ. ಬರುವವನಿಗೆ ದಿಕ್ಕಿನ ಹಂಗೇನು ಎಂದು ನನಗೇ ಹೇಳಿಕೊಂಡಿದ್ದೇನೆ. ಅವಳ ಎದುರು ಆ ಮಾತು ನಾಚಿಕೆಯಿಂದ ಬಾಯಿಗೇ ಬರುವುದಿಲ್ಲ.

ಈ ಸಲ ಅವಳು ಪಕ್ಕದ ಜಾಗವನ್ನು ಕೈಯಿಂದ ಸವರಿ ತೋರಿಸಿದಳು. "ನನ್ನನ್ನ ಇಲ್ಲೇ ಇಡು. ಅಕ್ಕನ ತಲಿ ಬಾಜೂಕ ನನ್ನ ತಲಿ. ಇಬ್ಬರೂ ಕೂಡೇ ಏಳತೇವಿ, ಕೂಡೇ ನೋಡತೇವಿ."

"ಹೂಂ, ಚಿಗವ್ವಾ," ಎಂದೆ. ಮತ್ತೆ ಅದೇ ಥರ, ಅಷ್ಟೇ ಬೇಗ.

ಅವ್ವನ ತಲೆ ಯಾವ ಕಡೆಗಿದೆಯೋ ನನಗೆ ಗೊತ್ತಿಲ್ಲ.